ಹೆಸರಿಲ್ಲದ ಹಾಡು ಅರ್ಧ ಹಾಡು: ಓದಲಾಗದ ಒಂದು ಹಾರ್ಡ್ ಡಿಸ್ಕ್‌ನ ಪ್ರಕರಣ

ಕಳೆದ ಜೂನ್‌ನಲ್ಲಿ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಮಂಡ್ಯದ ನೂರಡಿ ರಸ್ತೆಯ ಬಳಿ ಇರುವ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿಗೆ ಬಂದರು. ಕೈಚೀಲದೊಳಗೆ, ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್. ಎರಡೂವರೆ ಇಂಚಿನದು, 1 ಟಿಬಿ, ಕೊಂಡು ಆರು ವರ್ಷವಾಗಿದೆ ಎಂದರು. ಜೊತೆಗೆ ಬಂದಿದ್ದ ಮೊಮ್ಮಗ ಪಿಯುಸಿ ಓದುವ ಹುಡುಗ. ಡಿಸ್ಕನ್ನು ಮೇಜಿನ ಮೇಲೆ ಇಟ್ಟವನು ಅವನೇ. ಮೇಷ್ಟ್ರು ಅದನ್ನು ಕೈಯಿಂದ ಬಿಡಲು ಹಿಂಜರಿಯುತ್ತಿದ್ದರು.

ಒಳಗಿದ್ದದ್ದು 1,146 ಧ್ವನಿಮುದ್ರಣಗಳು. ನೌಕರಿಯಲ್ಲಿದ್ದಾಗ ರಜೆ ಬಂದರೆ ಸಾಕು, ಟೇಪ್ ರೆಕಾರ್ಡರ್ ಹೆಗಲಿಗೇರಿಸಿ ಊರೂರು ಸುತ್ತಿದವರು ಅವರು. ಮಳವಳ್ಳಿ ಕಡೆಯ ನೀಲಗಾರರು ಹಾಡುವ ಮಂಟೇಸ್ವಾಮಿ ಕಥೆ, ನಾಗಮಂಗಲದ ಮೂಡಲಪಾಯ ಯಕ್ಷಗಾನದ ಪದಗಳು, ಪಾಂಡವಪುರದ ಸೋಬಾನೆ, ಎಲ್ಲ ತಾಲ್ಲೂಕುಗಳ ರಾಗಿ ಬೀಸುವ ಪದ. ನಾಗಮಂಗಲ ಸೀಮೆಯವರೇ ಆದ ಎಚ್.ಎಲ್. ನಾಗೇಗೌಡರು ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವನ್ನು ನೋಡಿ ಬಂದ ಮೇಲೆ ಈ ಹುಚ್ಚು ಇನ್ನೂ ಹೆಚ್ಚಿತಂತೆ. ನಿವೃತ್ತಿಯ ನಂತರ ಕ್ಯಾಸೆಟ್ಟುಗಳನ್ನೆಲ್ಲ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿದರು. ಆಮೇಲೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಉಳಿದ ಏಕೈಕ ಪ್ರತಿ ಈ ಡಿಸ್ಕ್.

“ಇದು ಹೋದರೆ ಇನ್ನೊಂದು ಕೊಳ್ಳಬಹುದು ಸ್ವಾಮಿ. ಹಾಡಿದವರಲ್ಲಿ ಮುಕ್ಕಾಲು ಪಾಲು ಜನ ಈಗ ಇಲ್ಲ” ಎಂದರು.

ಇಂಥ ಮಾತು ಕೇಳಿದ ಮೇಲೆ ಕೈ ತಡೆದು ಕೆಲಸ ಮಾಡುವುದು ಕಷ್ಟ. ಆದರೆ ಕೈ ತಡೆಯಲೇಬೇಕಾದ ಹೊತ್ತು ಅದೇ. ನಾನು ತಡೆಯಲಿಲ್ಲ ಎಂಬುದು ಮುಂದೆ ಬರುತ್ತದೆ.

ಪೂರ್ವಕಥೆ

ಡಿಸ್ಕನ್ನು ಜೋಡಿಸುವ ಮೊದಲು ಕೇಳಬೇಕಾದದ್ದನ್ನೆಲ್ಲ ಕೇಳಿ ಬರೆದುಕೊಳ್ಳುವುದು ನನ್ನ ಅಂಗಡಿಯ ಪದ್ಧತಿ. ಡಾಕ್ಟರು ನಾಡಿ ಹಿಡಿಯುವ ಮೊದಲು ಏನು ತಿಂದಿರಿ ಎಂದು ಕೇಳುವುದಿಲ್ಲವೇ, ಹಾಗೆ. ಕೆಳಗೆ ಬಿದ್ದಿತ್ತೇ? ಇಲ್ಲ. ನೀರು ತಗುಲಿತ್ತೇ? ಇಲ್ಲ. ಮೊದಲು ಕೆಟ್ಟದ್ದು ಯಾವಾಗ? ಮೇ ಕೊನೆಯ ವಾರ, ಹೊಸ ರೆಕಾರ್ಡಿಂಗ್ ನಕಲು ಮಾಡುತ್ತಿದ್ದಾಗ ಕರೆಂಟು ಹೋಯಿತು. ಮನೆಯ ಕಂಪ್ಯೂಟರಿಗೆ ಯುಪಿಎಸ್ ಇರಲಿಲ್ಲ. ಮರುದಿನದಿಂದ ಡಿಸ್ಕ್ ಒಮ್ಮೆ ಕಾಣುತ್ತದೆ, ಒಮ್ಮೆ ಮಾಯವಾಗುತ್ತದೆ. ಒಂದು ಸಂಜೆ “ಈ ಡಿಸ್ಕನ್ನು ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು” ಎಂಬ ಸೂಚನೆ ಪರದೆಯ ಮೇಲೆ ಬಂತು. ಹುಡುಗ ‘ಬೇಡ’ ಎಂದು ಒತ್ತಿದ. ಅವನನ್ನು ನಾನು ಅಲ್ಲೇ ಮೆಚ್ಚಿಕೊಂಡೆ. ಗಾಬರಿಯಲ್ಲಿ ‘ಹೂಂ’ ಎಂದು ಒತ್ತಿ ಬಂದವರನ್ನು ಎಷ್ಟೋ ನೋಡಿದ್ದೇನೆ.

ನನಗಿಂತ ಮೊದಲು ಬೇರೊಂದು ಅಂಗಡಿಗೆ ಕೊಟ್ಟಿದ್ದರು. ಅಲ್ಲಿ ಎರಡು ಕೆಲಸ ನಡೆದಿತ್ತು. ಒಂದು, ವಿಂಡೋಸ್‌ನದೇ ತಪಾಸಣೆ ಸಾಧನವಾದ ಚೆಕ್‌ಡಿಸ್ಕ್ ಓಡಿಸಲು ಯತ್ನಿಸಿದ್ದು. ಕಡತ ವ್ಯವಸ್ಥೆ ‘ರಾ’ ಎಂದು, ಅಂದರೆ ವಿಂಡೋಸ್‌ಗೆ ಗುರುತು ಸಿಗದಂತೆ, ಕಾಣುತ್ತಿದ್ದ ಕಾರಣ ಚೆಕ್‌ಡಿಸ್ಕ್ ತಾನಾಗಿಯೇ ನಿರಾಕರಿಸಿತ್ತು. ಎರಡು, ಒಂದು ರಿಕವರಿ ತಂತ್ರಾಂಶ ಹಾಕಿ ರಾತ್ರಿಯಿಡೀ ಸ್ಕ್ಯಾನ್‌ಗೆ ಬಿಟ್ಟದ್ದು. ಬೆಳಿಗ್ಗೆಗೆ ಅದು ಮೂರನೇ ಒಂದು ಪಾಲೂ ಮುಗಿದಿರಲಿಲ್ಲ, ಡಿಸ್ಕ್ ಮುಟ್ಟಲಾಗದಷ್ಟು ಬಿಸಿಯಾಗಿತ್ತು, “ಡೇಟಾ ಹೋಗಿದೆ” ಎಂದು ಹೇಳಿ ವಾಪಸು ಕೊಟ್ಟಿದ್ದರು.

ಚೆಕ್‌ಡಿಸ್ಕ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಂಡಿತವಾದದ್ದು. ಅದು ಕಡತ ವ್ಯವಸ್ಥೆಯ ಲೆಕ್ಕ ಸರಿಹೊಂದಿಸುವ ಸಾಧನ; ಕಡತಗಳನ್ನು ಉಳಿಸುವುದು ಅದರ ಕೆಲಸವಲ್ಲ. ಲೆಕ್ಕ ತಾಳೆಯಾಗದ ದಾಖಲೆಯನ್ನು ಅಳಿಸಿ, ಅನಾಥ ತುಣುಕುಗಳನ್ನು ಬೇರೊಂದು ಫೋಲ್ಡರ್‌ಗೆ ಗುಡಿಸಿ ಹಾಕಿ, “ಡಿಸ್ಕ್ ಸರಿಯಾಗಿದೆ” ಎನ್ನುತ್ತದೆ. ಆರೋಗ್ಯವಾಗಿರುವ ಡಿಸ್ಕಿಗೆ ಅದು ಸರಿ. ಸೆಕ್ಟರ್‌ಗಳು, ಅಂದರೆ ಡೇಟಾ ಬರೆದಿಡುವ ಪುಟ್ಟ ಪುಟ್ಟ ಜಾಗಗಳು, ಸಾಯುತ್ತಿರುವ ಡಿಸ್ಕಿನ ಮೇಲೆ, ಒಂದೇ ಒಂದು ಪ್ರತಿ ಇರುವಾಗ, ಅದನ್ನು ಓಡಿಸುವುದೆಂದರೆ ಸಾಕ್ಷ್ಯವನ್ನು ಒರೆಸಿದಂತೆ. ಅದು ಇಲ್ಲಿ ಓಡದೇ ಇದ್ದದ್ದೇ ಭಾಗ್ಯ.

ಕೇಬಲ್ ತೋರಿಸಿದ ತಪ್ಪು ದಾರಿ

ಮೇಷ್ಟ್ರು ತಂದಿದ್ದ ಕೇಬಲ್ ಡಿಸ್ಕಿನ ಜೊತೆಗೆ ಬಂದದ್ದಲ್ಲ. ಮೂಲ ಕೇಬಲ್ ಗಿಡ್ಡವಾಗಿತ್ತು ಎಂದು ಒಂದೂವರೆ ಮೀಟರ್ ಉದ್ದದ ಅಗ್ಗದ ಕೇಬಲ್ ಕೊಂಡಿದ್ದರು. ಅದರಲ್ಲೇ ಜೋಡಿಸಿ ನೋಡಿದೆ. ಡಿಸ್ಕ್ ಗುಂಯ್ ಎಂದು ತಿರುಗಲು ಶುರುವಾಗಿ, ‘ಟಿಕ್’ ಎಂದು, ನಿಂತು, ಮತ್ತೆ ಗುಂಯ್ ಎನ್ನುತ್ತಿತ್ತು. ಈ ಸದ್ದಿಗೆ ಎರಡು ಅರ್ಥವಿದೆ. ಓದುವ ಹೆಡ್ ಕೆಟ್ಟಿರಬಹುದು. ಅಥವಾ ಡಿಸ್ಕಿಗೆ ಸಾಕಷ್ಟು ಕರೆಂಟು ಸಿಗದಿರಬಹುದು. ಮೊದಲನೆಯದಾದರೆ ಅಂಗಡಿಯಲ್ಲಿ ಮಾಡುವಂಥದ್ದು ಏನೂ ಇಲ್ಲ. ಎರಡನೆಯದಾದರೆ ಕೇಬಲ್ ಬದಲಿಸಿದರೆ ಸಾಕು.

ಯುಎಸ್‌ಬಿ 2.0 ಪೋರ್ಟ್‌ನಿಂದ ನಿಯಮದ ಪ್ರಕಾರ ಸಿಗುವುದು 500 ಮಿಲಿ ಆಂಪಿಯರ್, ಯುಎಸ್‌ಬಿ 3.0ರಲ್ಲಿ 900. ಇಂಥ ಡಿಸ್ಕುಗಳಿಗೆ ಮೋಟರು ತಿರುಗಲು ಶುರುವಾಗುವ ಆ ಒಂದೆರಡು ಸೆಕೆಂಡು ಹತ್ತಿರ ಹತ್ತಿರ 1 ಆಂಪಿಯರ್ ಬೇಕಾಗುತ್ತದೆ. ಉದ್ದನೆಯ, ತೆಳು ತಂತಿಯ ಕೇಬಲ್‌ನಲ್ಲಿ ವೋಲ್ಟೇಜು ದಾರಿಯಲ್ಲೇ ಕುಸಿದು ಹೆಡ್ ಹೊರಬಂದು ಮತ್ತೆ ಮಡಚಿಕೊಳ್ಳುತ್ತದೆ. ಕಿವಿಗೆ ಅದು ಹೆಡ್ ಕೆಟ್ಟಂತೆಯೇ ಕೇಳಿಸುತ್ತದೆ.

ನನ್ನಲ್ಲಿದ್ದ ಗಿಡ್ಡ, ದಪ್ಪ ಕೇಬಲ್ ಹಾಕಿ, ಡೆಸ್ಕ್‌ಟಾಪಿನ ಹಿಂಬದಿಯ ಪೋರ್ಟಿಗೆ ನೇರವಾಗಿ ಜೋಡಿಸಿದೆ. ಸದ್ದು ನಿಂತಿತು. ಡಿಸ್ಕ್ ಒಂದೇ ಸಮನೆ ತಿರುಗಿತು. ಪರದೆಯ ಮೇಲೆ ‘ಜಾನಪದ’ ಎಂಬ ಹೆಸರು ಬಂತು. ತೆರೆದರೆ ತಾಲ್ಲೂಕುವಾರು ಫೋಲ್ಡರುಗಳು, ಒಳಗೆ ಕನ್ನಡದಲ್ಲೇ ಹೆಸರಿಟ್ಟ ಕಡತಗಳು: ಊರು, ಹಾಡಿದವರ ಹೆಸರು, ಪದದ ಮೊದಲ ಸಾಲು. ಮೇಷ್ಟ್ರು ಎದ್ದು ನಿಂತು ಕನ್ನಡಕ ಒರೆಸಿಕೊಂಡರು.

ತಪ್ಪಾದದ್ದು ಇಲ್ಲಿ. ದೋಷ ಸಿಕ್ಕಿತು, ಅದು ಕೇಬಲ್, ಇನ್ನು ನಕಲು ಮಾಡಿಕೊಟ್ಟರೆ ಮುಗಿಯಿತು ಎಂದು ನಾನು ತೀರ್ಮಾನಿಸಿಬಿಟ್ಟೆ. ಮಳವಳ್ಳಿಯ ಫೋಲ್ಡರನ್ನು ಎಳೆದು ನನ್ನ ಕಂಪ್ಯೂಟರಿಗೆ ಹಾಕಿದೆ. ಎರಡು ನಿಮಿಷ ಸರಾಗವಾಗಿ ನಡೆಯಿತು. ಸುಮಾರು 9 ಜಿಬಿ ಇಳಿದಿದ್ದಾಗ ವೇಗ ಸೊನ್ನೆಗೆ ಬಂತು, ಕಿಟಕಿ ಬಿಳಚಿಕೊಂಡಿತು, ಡಿಸ್ಕ್ ಕಳಚಿಕೊಂಡಿತು. ಮತ್ತೆ ಜೋಡಿಸಿದಾಗ ಬಂದದ್ದು ಅದೇ ಫಾರ್ಮ್ಯಾಟ್ ಸೂಚನೆ. ‘ಜಾನಪದ’ ಎಂಬ ಹೆಸರು ಇಲ್ಲ.

ಕೇಬಲ್ ದೋಷ ನಿಜವಾಗಿಯೂ ಇತ್ತು. ಅದರ ಕೆಳಗೆ ಇನ್ನೊಂದು ದೋಷ ಮಲಗಿತ್ತು. ಮೊದಲನೆಯದು ಪರಿಹಾರವಾದ ಸಂತೋಷದಲ್ಲಿ ಎರಡನೆಯದನ್ನು ಹುಡುಕಲೇ ಇಲ್ಲ. ಕರೆಂಟು ಹೋಗಿ ಬಂದು ಮಾಡಿದ ವಾರಗಟ್ಟಲೆ ಹೊಡೆತ, ಅರೆಬರೆ ವೋಲ್ಟೇಜಿನಲ್ಲಿ ನಡೆದ ಬರಹ, ಒಂದು ರಾತ್ರಿಯ ಬಿಸಿ ಸ್ಕ್ಯಾನ್ ಇಷ್ಟನ್ನು ಕಂಡ ಡಿಸ್ಕ್ ಆರೋಗ್ಯವಾಗಿದೆ ಎಂದು ನಂಬಲು ನನಗೆ ಕಾರಣವೇ ಇರಲಿಲ್ಲ. ಇನ್ನೊಂದು ಮಾತು: ನಾವು ಬರೀ ಓದುತ್ತಿದ್ದೇವೆ ಎಂದುಕೊಂಡರೂ ಜೋಡಣೆಯಾದ ಎನ್‌ಟಿಎಫ್‌ಎಸ್ (ವಿಂಡೋಸ್‌ನ ಕಡತ ವ್ಯವಸ್ಥೆ) ಡಿಸ್ಕಿಗೆ ವಿಂಡೋಸ್ ತನ್ನ ಲಾಗ್ ದಾಖಲೆಗಳನ್ನು ಬರೆಯುತ್ತಲೇ ಇರುತ್ತದೆ.

ಇದನ್ನು ಮೇಷ್ಟ್ರಿಗೆ ಹಾಗೆಯೇ ಹೇಳಿದೆ. ಆತುರ ಪಟ್ಟೆ, ಪರೀಕ್ಷೆ ಮಾಡದೆ ನಕಲಿಗೆ ಕೈ ಹಾಕಿದೆ ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೊದಲೇ ನೋಡಬೇಕಿದ್ದ ಪುಟ

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತೆರೆದು ಸ್ಮಾರ್ಟ್ ದಾಖಲೆ ನೋಡಿದೆ. ಪ್ರತಿಯೊಂದು ಹಾರ್ಡ್ ಡಿಸ್ಕ್ ತನ್ನ ಕಾಯಿಲೆಯ ಲೆಕ್ಕವನ್ನು ತಾನೇ ಬರೆದುಕೊಳ್ಳುತ್ತದೆ, ಅದೇ ಸ್ಮಾರ್ಟ್. ಒಂದು ನಿಮಿಷದ ಕೆಲಸ. ‘05’ ಎಂಬ ಸಾಲು, ಅಂದರೆ ಕೆಟ್ಟದ್ದೆಂದು ಖಚಿತವಾಗಿ ಬದಲಿ ಜಾಗಕ್ಕೆ ವರ್ಗಾಯಿಸಿದ ಸೆಕ್ಟರುಗಳು, ಸೊನ್ನೆ. ‘ಸಿ5’ ಸಾಲು, ಅಂದರೆ ಓದಲಾಗದೆ ತೀರ್ಮಾನಕ್ಕೆ ಕಾದಿರುವ ಸೆಕ್ಟರುಗಳು, 148.

ಈ 148 ಅನ್ನು ನೂರ ನಲವತ್ತೆಂಟು ಎಂದು ಓದುವವರೇ ಹೆಚ್ಚು. ಆ ತಂತ್ರಾಂಶ ಕಚ್ಚಾ ಅಂಕಿಗಳನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ. ನಮ್ಮ ಎಣಿಕೆಗೆ ತಂದರೆ 328. ಈಗಿನ ಡಿಸ್ಕುಗಳಲ್ಲಿ ಒಂದು ನಿಜವಾದ ಸೆಕ್ಟರ್ ಎಂದರೆ 4,096 ಬೈಟ್. ಹಳೆಯ 512 ಬೈಟ್ ಲೆಕ್ಕದಲ್ಲಿ ಅದು ಎಂಟು. ಆದ್ದರಿಂದ 328 ಎಂದರೆ 41 ಜಾಗಗಳು. ‘05’ ಸೊನ್ನೆ ಇರುವುದನ್ನು ನೋಡಿ ಸಮಾಧಾನ ಪಡುವಂತಿಲ್ಲ. ಓದಲಾಗದ ಜಾಗದ ಮೇಲೆ ಹೊಸದಾಗಿ ಬರೆಯುವ ತನಕ ಡಿಸ್ಕ್ ಅದನ್ನು ಬದಲಾಯಿಸುವುದಿಲ್ಲ, ಕಾಯುತ್ತಲೇ ಇರುತ್ತದೆ.

‘ಸಿ7’ ಎಂಬ ಸಾಲೂ ಇದೆ. ಕೇಬಲ್ ದೋಷ ತಿಳಿಯಲು ಅದನ್ನು ನೋಡಿ ಎಂದು ಹೇಳುವುದು ವಾಡಿಕೆ. ಎಕ್ಸ್‌ಟರ್ನಲ್ ಡಿಸ್ಕಿನಲ್ಲಿ ಆ ಎಣಿಕೆ ಡಬ್ಬಿಯ ಒಳಗಿನ ಸಂಪರ್ಕಕ್ಕೆ ಮಾತ್ರ ಸಂಬಂಧಿಸಿದ್ದು. ಹೊರಗಿನ ಯುಎಸ್‌ಬಿ ಕೇಬಲ್ ಎಷ್ಟೇ ಹಾಳಾಗಿದ್ದರೂ ಅಲ್ಲಿ ಸೊನ್ನೆಯೇ ಇರುತ್ತದೆ. ಈ ಡಿಸ್ಕಿನಲ್ಲೂ ಸೊನ್ನೆ ಇತ್ತು, ಕೇಬಲ್ ಮಾತ್ರ ಕೆಟ್ಟದ್ದೇ.

ಒಪ್ಪಂದ

ಈಗ ಮೇಷ್ಟ್ರ ಮುಂದೆ ಎರಡು ದಾರಿ ಇಟ್ಟೆ. ಬೆಂಗಳೂರಿನಲ್ಲಿ ಧೂಳುರಹಿತ ಕೋಣೆ ಇರುವ ಡೇಟಾ ರಿಕವರಿ ಪ್ರಯೋಗಾಲಯಗಳಿವೆ. ಹತ್ತಾರು ಸಾವಿರ ರೂಪಾಯಿ ಆಗಬಹುದು. ಇಲ್ಲವೇ ನಾನು ಸೆಕ್ಟರ್ ಸೆಕ್ಟರ್ ಆಗಿ ಇಮೇಜ್, ಅಂದರೆ ಇಡೀ ಡಿಸ್ಕಿನ ಯಥಾವತ್ ಪ್ರತಿ, ತೆಗೆಯಬಹುದು. ಒಳ್ಳೆಯ ಕೇಬಲ್‌ನಲ್ಲೂ ‘ಟಿಕ್ ಟಿಕ್’ ಕೇಳಿಸಿದ್ದರೆ ನಾನು ಎರಡನೆಯದನ್ನು ಬಾಯಿಗೇ ತರುತ್ತಿರಲಿಲ್ಲ. ಡಿಸ್ಕಿನ ಒಳಗಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗುವಾಗ ಹೆಡ್ ಅದರ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ತಲೆಗೂದಲು ಅದಕ್ಕಿಂತ ಸಾವಿರಾರು ಪಟ್ಟು ದಪ್ಪ. ಕೆಟ್ಟ ಹೆಡ್ ಇರುವ ಡಿಸ್ಕನ್ನು ತಿರುಗಿಸಿದಷ್ಟೂ ತಟ್ಟೆಯ ಕಾಂತ ಪದರವನ್ನೇ ಕೆರೆದು ಹಾಕುತ್ತದೆ. ಈ ಡಿಸ್ಕ್ ಸ್ಥಿರವಾಗಿ ತಿರುಗುತ್ತಿತ್ತು, ತನ್ನ ಗಾತ್ರವನ್ನು ಸರಿಯಾಗಿ 1,000.2 ಜಿಬಿ ಎಂದೇ ಹೇಳುತ್ತಿತ್ತು. ಹಾಗಾಗಿ ಇಮೇಜ್ ತೆಗೆಯುವುದು ಒಪ್ಪಬಹುದಾದ ದಾರಿ.

“ನೀವು ಮಾಡಿದರೆ ಉಳಿಯುವುದೇನು, ಹೋಗುವುದೇನು, ಅದನ್ನು ಹೇಳಿ” ಎಂದರು.

ಹಾಡುಗಳು ಬಹುಪಾಲು ಉಳಿಯುತ್ತವೆ, ಹೆಸರುಗಳ ಮಾತು ಹೇಳಲಾರೆ ಎಂದೆ. ಕಡತದ ಹೆಸರು, ಫೋಲ್ಡರ್, ಡಿಸ್ಕಿನ ಯಾವ ಜಾಗದಲ್ಲಿ ಅದರ ವಿಷಯ ಇದೆ ಎಂಬ ವಿವರ ಇವೆಲ್ಲ ಎಂಎಫ್‌ಟಿ ಎಂಬ ಒಂದೇ ಪಟ್ಟಿಯಲ್ಲಿರುತ್ತವೆ. ಗ್ರಂಥಾಲಯದ ಸೂಚಿ ಇದ್ದ ಹಾಗೆ. ಡಿಸ್ಕ್ ‘ರಾ’ ಎಂದು ತೋರಿಸುತ್ತಿದೆ ಎಂದರೆ ಏಟು ಬಿದ್ದಿರುವುದು ಬಹುಶಃ ಆ ಪಟ್ಟಿಯ ತಲೆಗೆ. ಪಟ್ಟಿ ಸಿಗದೇ ಹೋದರೂ ಧ್ವನಿ ಕಡತಗಳನ್ನು ಅವುಗಳ ಆರಂಭದ ಗುರುತಿನಿಂದ ಹೆಕ್ಕಿ ತೆಗೆಯಬಹುದು. ಆಗ ಅವು ಬರೀ ಅಂಕಿಗಳ ಹೆಸರಿನಲ್ಲಿ ಬರುತ್ತವೆ.

“ಯಾರು ಹಾಡಿದರು, ಯಾವ ಊರು ಎಂದು ಗೊತ್ತಿಲ್ಲದ ಹಾಡು ನನಗೆ ಅರ್ಧ ಹಾಡು” ಎಂದರು ಮೇಷ್ಟ್ರು. “ಅವರ ಹೆಸರು ಹಾಕುತ್ತೇನೆ ಎಂದು ಮಾತು ಕೊಟ್ಟು ಹಾಡಿಸಿಕೊಂಡಿದ್ದೇನೆ.”

ಆ ಮಾತು ನನ್ನ ಕೆಲಸದ ಕ್ರಮವನ್ನೇ ಬದಲಿಸಿತು. ಸಾಮಾನ್ಯವಾಗಿ ಇಮೇಜನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ತೆಗೆಯುತ್ತೇನೆ. ಇಲ್ಲಿ ಡಿಸ್ಕಿಗೆ ಇನ್ನೂ ಎಷ್ಟು ಗಂಟೆ ಆಯಸ್ಸಿದೆ ಎಂದು ತಿಳಿಯದು. ಇರುವ ಆಯಸ್ಸಿನ ಮೊದಲ ಪಾಲು ಹೆಸರುಗಳಿಗೆ ಸಲ್ಲಬೇಕು.

ಮೂರು ರಾತ್ರಿ

ವಿಂಡೋಸ್ ಬಿಟ್ಟು ಲಿನಕ್ಸ್‌ಗೆ ಹೋದೆ. ಡಿಸ್ಕ್ ತಾನಾಗಿ ತೆರೆದುಕೊಳ್ಳದಂತೆ ಆಟೋಮೌಂಟ್ ನಿಲ್ಲಿಸಿದೆ. ಇಮೇಜ್ ಇಡಲು 4 ಟಿಬಿಯ ಡಿಸ್ಕ್. 1 ಟಿಬಿಯ ಇಮೇಜಿಗೆ 1 ಟಿಬಿಯ ಡಿಸ್ಕ್ ಸಾಲದು, ಫಾರ್ಮ್ಯಾಟ್ ಆದ ಮೇಲೆ ಅಷ್ಟು ಜಾಗ ಉಳಿಯುವುದಿಲ್ಲ. ಜೊತೆಗೆ ಕೆಲಸ ಮಾಡಲು ಎರಡನೆಯ ಪ್ರತಿಯೂ ಬೇಕು.

ಬಳಸಿದ್ದು ಗ್ನೂ ಡಿಡಿರೆಸ್ಕ್ಯೂ. ಉಚಿತವಾಗಿ ಸಿಗುವ ಈ ಸಣ್ಣ ಉಪಕರಣದ ಮೇಲೆ ನನಗೆ ಇರುವಷ್ಟು ಗೌರವ ದುಬಾರಿ ತಂತ್ರಾಂಶಗಳ ಮೇಲೆ ಇಲ್ಲ. ಸಾಮಾನ್ಯ ನಕಲು ಕೆಟ್ಟ ಜಾಗ ಸಿಕ್ಕಿದ ಕೂಡಲೇ ಅಲ್ಲೇ ಗುದ್ದಾಡುತ್ತಾ ನಿಲ್ಲುತ್ತದೆ. ಡಿಡಿರೆಸ್ಕ್ಯೂ ಹಾಗಲ್ಲ. ಮೊದಲ ಸುತ್ತಿನಲ್ಲಿ ಸುಲಭವಾಗಿ ಬರುವುದನ್ನೆಲ್ಲ ಬಾಚಿಕೊಂಡು, ತೊಡಕಿನ ಜಾಗವನ್ನು ದಾಟಿ ಮುಂದೆ ಹೋಗುತ್ತದೆ; ಏನು ಬಂತು, ಏನು ಬಿಟ್ಟಿತು ಎಂಬುದನ್ನು ಒಂದು ನಕ್ಷೆ ಕಡತದಲ್ಲಿ ಬರೆದಿಡುತ್ತದೆ. ಬಿಟ್ಟದ್ದಕ್ಕೆ ಆಮೇಲೆ ಮರಳಿ ಬಂದು, ಅಂಚುಗಳಿಂದ ಸವರುತ್ತಾ, ಕೊನೆಗೆ ಒಂದೊಂದೇ ಸೆಕ್ಟರನ್ನು ಕೆರೆದು ನೋಡುತ್ತದೆ. ನಡುವೆ ಕರೆಂಟು ಹೋದರೂ ನಕ್ಷೆ ಇರುವುದರಿಂದ ನಿಂತಲ್ಲಿಂದ ಮುಂದುವರಿಯುತ್ತದೆ. ಬೆಳೆ ಕಟಾವು ಮಾಡುವವರು ನಿಂತ ಪೈರನ್ನು ಮೊದಲು ಕೊಯ್ದು, ಬಿದ್ದ ತೆನೆಯನ್ನು ಆಮೇಲೆ ಆಯುತ್ತಾರಲ್ಲ, ಅದೇ ಕ್ರಮ.

ಮೊದಲ 8 ಜಿಬಿಯನ್ನು ಮಾತ್ರ ಕೇಳಿದೆ. ವಿಂಡೋಸ್ ಫಾರ್ಮ್ಯಾಟ್ ಮಾಡಿದ ಇಂಥ ಡಿಸ್ಕುಗಳಲ್ಲಿ ಎಂಎಫ್‌ಟಿ ಸಾಮಾನ್ಯವಾಗಿ 7,86,432ನೇ ಕ್ಲಸ್ಟರಿನಲ್ಲಿ (ಕಡತಗಳಿಗೆ ಜಾಗ ಹಂಚುವ ಅಳತೆಯೇ ಕ್ಲಸ್ಟರ್) ಶುರುವಾಗುತ್ತದೆ. 4,096 ಬೈಟ್‌ನ ಕ್ಲಸ್ಟರಾದರೆ ಅದು ವಿಭಾಗದ ಆರಂಭದಿಂದ ಸರಿಯಾಗಿ 3 ಜಿಬಿ ಆಚೆ. ಒಂದು ಕಡತಕ್ಕೆ 1 ಕೆಬಿಯ ಒಂದು ದಾಖಲೆ. ಕೆಲವು ಸಾವಿರ ಕಡತಗಳಿಗೆ ಇಡೀ ಪಟ್ಟಿ ಹತ್ತು ಎಂಬಿಯ ಒಳಗೆ ಮುಗಿಯುತ್ತದೆ. ಹೆಸರುಗಳೆಲ್ಲ ಇದ್ದದ್ದು ಆ ಇಷ್ಟೇ ಇಷ್ಟು ಜಾಗದಲ್ಲಿ.

ಎಂಟು ಜಿಬಿಯ ಕೆಲಸ ಎರಡು ಗಂಟೆ ಹಿಡಿಯಿತು. ಕೊನೆಗೆ ಎಂಎಫ್‌ಟಿಯೊಳಗೆ ಓದಲಾಗದೆ ಉಳಿದದ್ದು ಮೂರೇ ಸೆಕ್ಟರ್. ಅವುಗಳಲ್ಲಿ ಒಂದು, ಪಟ್ಟಿಯ ಮೊಟ್ಟಮೊದಲ ಸೆಕ್ಟರ್. ಡಿಸ್ಕ್ ಏಕೆ ‘ರಾ’ ಆಯಿತು ಎಂಬುದಕ್ಕೆ ಉತ್ತರ ಸಿಕ್ಕಿತು.

ಆಮೇಲೆ ಪೂರ್ತಿ ಡಿಸ್ಕ್. ಆರೋಗ್ಯವಾಗಿದ್ದರೆ ಮೂರು ಗಂಟೆಯ ಕೆಲಸ. ಇದಕ್ಕೆ ಮೂರು ರಾತ್ರಿ ಬೇಕಾಯಿತು. ಪಕ್ಕದಲ್ಲಿ ಟೇಬಲ್ ಫ್ಯಾನ್, ಉಷ್ಣತೆ 50 ಡಿಗ್ರಿ ದಾಟಿದರೆ ನಿಲ್ಲಿಸಿ ತಣ್ಣಗಾಗಲು ಬಿಡುವುದು. ಕೆಟ್ಟ ಜಾಗಕ್ಕೆ ತಗುಲಿದಾಗ ಡಿಸ್ಕ್ ಆರು ಸಲ ಪೂರ್ತಿ ಕಳಚಿಕೊಂಡಿತು. ಪ್ರತಿ ಸಲವೂ ಕೇಬಲ್ ತೆಗೆದು ಹತ್ತು ನಿಮಿಷ ಬಿಟ್ಟು ಮತ್ತೆ ಜೋಡಿಸಿ, ನಕ್ಷೆ ಕೊಟ್ಟು ಮುಂದುವರಿಸಿದೆ. ಎರಡನೆಯ ರಾತ್ರಿ ದಿಕ್ಕು ಬದಲಿಸಿ, ಹಿಂದಿನಿಂದ ಮುಂದಕ್ಕೆ ಓದಿಸಿದೆ. ಮುಂದಿನಿಂದ ಹೋದಾಗ ಬಾರದ ಎಷ್ಟೋ ಜಾಗ ಹಿಂದಿನಿಂದ ಬಂದಾಗ ಸಿಕ್ಕಿತು. ಡಬ್ಬಿ ಬಿಚ್ಚಿ ಒಳಗಿನ ಡಿಸ್ಕನ್ನು ನೇರವಾಗಿ ಕಂಪ್ಯೂಟರಿನ ಒಳಗಿನ ಸಾಟಾ ಕಿಂಡಿಗೆ ಜೋಡಿಸಬಾರದೇ ಎಂದು ನನ್ನ ಹುಡುಗ ಕೇಳಿದ. ಕೆಲವು ಡಿಸ್ಕುಗಳಲ್ಲಿ ಯುಎಸ್‌ಬಿ ಕಿಂಡಿ ಮೂಲ ಬೋರ್ಡಿಗೇ ಬೆಸೆದಿರುತ್ತದೆ, ಸಾಟಾ ಇರುವುದೇ ಇಲ್ಲ. ಇನ್ನು ಕೆಲವುಗಳ ಬ್ರಿಡ್ಜ್ ಚಿಪ್, ಅಂದರೆ ಯುಎಸ್‌ಬಿಗೂ ಡಿಸ್ಕಿಗೂ ನಡುವೆ ಕೂರುವ ಚಿಪ್, ಬರೆಯುವಾಗಲೇ ಎನ್‌ಕ್ರಿಪ್ಟ್ ಮಾಡುತ್ತದೆ, ಅದನ್ನು ಬಿಟ್ಟು ಓದಿದರೆ ಬರುವುದು ಬರೀ ಗೊಂದಲ. ಬ್ರಿಡ್ಜ್ ಕೆಲಸ ಮಾಡುತ್ತಿರುವ ತನಕ ಬಿಚ್ಚುವ ಅಗತ್ಯವಿರಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಓದಲಾಗದೆ ಉಳಿದದ್ದು 1,884 ಕೆಬಿ. ಅಂದರೆ 471 ಸೆಕ್ಟರ್. ‘ಸಿ5’ ಎಣಿಕೆ ಅಷ್ಟು ಹೊತ್ತಿಗೆ 3,700 ದಾಟಿತ್ತು. ಆ ಡಿಸ್ಕನ್ನು ಕಳಚಿ, ದಿನಾಂಕ ಬರೆದು, ಕಪಾಟಿನಲ್ಲಿಟ್ಟೆ. ಅದಾದ ಮೇಲೆ ಅದನ್ನು ತಿರುಗಿಸಿಲ್ಲ.

ಸೂಚಿಯ ತಲೆ

ಇನ್ನು ಮುಂದಿನ ಎಲ್ಲ ಕೆಲಸ ಇಮೇಜಿನ ಎರಡನೆಯ ಪ್ರತಿಯ ಮೇಲೆ. ಎಡವಿದರೆ ಮೊದಲ ಪ್ರತಿಯಿಂದ ಮತ್ತೊಂದು ನಕಲು ತೆಗೆದುಕೊಳ್ಳಬಹುದು. ಅಂಜಿಕೆಯಿಲ್ಲದೆ ಕೈ ಆಡಿಸಲು ಆಗುವುದು ಆಗಲೇ.

ಎಂಎಫ್‌ಟಿಯ ಮೊದಲ ಸೆಕ್ಟರಿನಲ್ಲಿ ನಾಲ್ಕು ದಾಖಲೆಗಳಿರುತ್ತವೆ. ಪಟ್ಟಿ ಎಲ್ಲಿದೆ ಎಂದು ಹೇಳುವ ದಾಖಲೆಯೂ ಅದರಲ್ಲೇ ಒಂದು. ಎನ್‌ಟಿಎಫ್‌ಎಸ್ ಅನ್ನು ರೂಪಿಸಿದವರು ಈ ನಾಲ್ಕರ ಪ್ರತಿಯನ್ನು ಡಿಸ್ಕಿನ ಬೇರೊಂದು ಜಾಗದಲ್ಲಿ ಇಟ್ಟಿದ್ದಾರೆ. ಈ ಡಿಸ್ಕಿನಲ್ಲಿ ಅದು ಎರಡನೆಯ ಕ್ಲಸ್ಟರಿನಲ್ಲಿ, ಬಹುದೂರದಲ್ಲಿ, ಒಂದು ಗೀರೂ ಇಲ್ಲದೆ ಕುಳಿತಿತ್ತು. ಟೆಸ್ಟ್‌ಡಿಸ್ಕ್ ಎಂಬ ಇನ್ನೊಂದು ಉಚಿತ ಸಾಧನ ಎರಡನ್ನೂ ಹೋಲಿಸಿ, ತಾಳೆಯಾಗುತ್ತಿಲ್ಲ, ಪ್ರತಿಯಿಂದ ಸರಿಪಡಿಸಲೇ ಎಂದು ಕೇಳಿತು. ಸರಿ ಎಂದೆ. ಇಮೇಜನ್ನು ಓದಲು ಮಾತ್ರ ಅನುಮತಿಸಿ ತೆರೆದೆ. ‘ಜಾನಪದ’ ಮತ್ತೆ ಕಾಣಿಸಿತು. ಮಂಡ್ಯ, ಮದ್ದೂರು, ಮಳವಳ್ಳಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ, ಕೃಷ್ಣರಾಜಪೇಟೆ: ಏಳೂ ತಾಲ್ಲೂಕು.

ಯಾವ ಕಡತಕ್ಕೆ ಗಾಯವಾಗಿದೆ ಎಂದು ತಿಳಿಯಲು ಡಿಡಿರೆಸ್ಕ್ಯೂನಲ್ಲಿ ಒಂದು ಉಪಾಯವಿದೆ. ಓದಲಾಗದ ಜಾಗಗಳಲ್ಲೆಲ್ಲ ನಾವು ಹೇಳಿದ ಒಂದು ಗುರುತಿನ ಪದವನ್ನು ತುಂಬಿಸಿ, ಆಮೇಲೆ ಆ ಪದ ಯಾವ ಕಡತದಲ್ಲಿ ಸಿಗುತ್ತದೆ ಎಂದು ಹುಡುಕುವುದು. 471ರಲ್ಲಿ 254 ಸೆಕ್ಟರುಗಳು ಖಾಲಿ ಜಾಗದಲ್ಲಿದ್ದವು. 214 ಸೆಕ್ಟರುಗಳು 23 ಕಡತಗಳಲ್ಲಿ ಹಂಚಿಹೋಗಿದ್ದವು: 17 ಹಾಡು, ನಾಲ್ಕು ಫೋಟೊ, ಎರಡು ಬರಹ.

ಮೇಷ್ಟ್ರು ಹಾಡುಗಳನ್ನು ಎಂಪಿ3 ಮಾಡದೆ ವೇವ್ ರೂಪದಲ್ಲೇ ಇಟ್ಟಿದ್ದರು. ಜಾಗ ದಂಡ ಎಂದು ಮೊಮ್ಮಗ ಹಲವು ಸಲ ಹೇಳಿದ್ದನಂತೆ. ಆ ಹಟ ಈಗ ಕೈ ಹಿಡಿಯಿತು. ಸೆಕೆಂಡಿಗೆ 44,100 ಮಾದರಿ, 16 ಬಿಟ್, ಎರಡು ಚಾನೆಲ್ ಎಂದರೆ ಒಂದು ಸೆಕೆಂಡಿಗೆ 1,76,400 ಬೈಟ್. ಒಂದು ಸೆಕ್ಟರ್ ಹೋದರೆ ಹೋಗುವುದು 23 ಮಿಲಿಸೆಕೆಂಡು; ಕಣ್ಣು ಮಿಟುಕಿಸುವುದಕ್ಕೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆ ಜಾಗದಲ್ಲಿ ಸೊನ್ನೆ ತುಂಬಿದರೆ ಅದು ಮೌನವಾಗಿ ಕೇಳಿಸುತ್ತದೆ, ಮುಂದಿನ ಹಾಡು ಕೆಡುವುದಿಲ್ಲ. ಹಾಡುಗಳಲ್ಲಿದ್ದ ಕೆಟ್ಟ ಸೆಕ್ಟರುಗಳು ಒಟ್ಟು 190. ಸುಮಾರು 310 ಗಂಟೆಗಳ ಸಂಗ್ರಹದಲ್ಲಿ ಎಲ್ಲ ಸೇರಿ ನಾಲ್ಕೂವರೆ ಸೆಕೆಂಡಿಗಿಂತ ಕಡಿಮೆ. ಈ ಲೆಕ್ಕವನ್ನು ಮೇಷ್ಟ್ರಿಗೆ ಫೋನಿನಲ್ಲಿ ಹೇಳಿದಾಗ “ಉಸಿರು ಎಳೆದುಕೊಳ್ಳುವಷ್ಟು ಹೊತ್ತು” ಎಂದರು.

ಫೋಟೊಗಳಿಗೆ ಆ ಅದೃಷ್ಟವಿಲ್ಲ. ಜೆಪೆಗ್‌ನಲ್ಲಿ ನಡುವೆ ಒಂದು ತುಣುಕು ಹೋದರೆ ಅಲ್ಲಿಂದ ಕೆಳಗಿನ ಚಿತ್ರವೆಲ್ಲ ಬಣ್ಣ ಕದಡಿ ಜರುಗುತ್ತದೆ. ನಾಲ್ಕರಲ್ಲಿ ಎರಡು ಹಾಗೆಯೇ ಹೋದವು. ಬರಹಗಳು ಹಳೆಯ ನುಡಿ ಅಕ್ಷರದಲ್ಲಿ ಟೈಪು ಮಾಡಿದವು. ಒಂದು ಪೂರ್ತಿ ತೆರೆಯಿತು, ಇನ್ನೊಂದರಲ್ಲಿ ಎರಡು ಪುಟ ಇಲ್ಲ.

ಎಂಟು ಕಡತಗಳು

ಉಳಿದದ್ದು ಎಂಎಫ್‌ಟಿಯ ಇನ್ನೆರಡು ಸೆಕ್ಟರ್. ನಾಲ್ಕು ನಾಲ್ಕರಂತೆ ಎಂಟು ದಾಖಲೆ. ಇವುಗಳಿಗೆ ಪ್ರತಿ ಇಲ್ಲ, ಪ್ರತಿ ಇರುವುದು ಮೊದಲ ನಾಲ್ಕಕ್ಕೆ ಮಾತ್ರ. ಲಿನಕ್ಸ್‌ನಲ್ಲಿ ಫೋಲ್ಡರನ್ನು ಪಟ್ಟಿ ಮಾಡಿದರೆ ಎಂಟು ಸಾಲುಗಳಲ್ಲಿ ಹೆಸರು ಮಾತ್ರ ಕಾಣುತ್ತಿತ್ತು. ಗಾತ್ರ, ದಿನಾಂಕದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆಗಳು. ಹೆಸರು ಹೇಗೆ ಉಳಿಯಿತು ಎಂದರೆ, ಎನ್‌ಟಿಎಫ್‌ಎಸ್ ಫೋಲ್ಡರಿನ ಸೂಚಿಯಲ್ಲೂ ಕಡತದ ಹೆಸರನ್ನು, ಗಾತ್ರವನ್ನು ಬರೆದಿಡುತ್ತದೆ. ವಿಷಯ ಡಿಸ್ಕಿನ ಯಾವ ಜಾಗದಲ್ಲಿದೆ ಎಂಬುದು ಮಾತ್ರ ಅಲ್ಲಿರುವುದಿಲ್ಲ. ಮೊದಲು ನಾನು ಹೆದರಿದ್ದಕ್ಕೆ ತಲೆಕೆಳಗಾದ ಸ್ಥಿತಿ: ಹೆಸರು ಇದೆ, ಹಾಡು ಕಾಣೆ.

ಇಡೀ ಇಮೇಜನ್ನು ಫೋಟೊರೆಕ್ ಎಂಬ ಜರಡಿಗೆ ಹಾಕಿದೆ. ಖಾಲಿ ಜಾಗವನ್ನು ಮಾತ್ರ ಶೋಧಿಸುವ ಅನುಕೂಲ ಅದರಲ್ಲಿದೆ, ಇಲ್ಲಿ ಅದು ಉಪಯೋಗಕ್ಕೆ ಬಾರದು; ಈ ಎಂಟು ಕಡತಗಳ ಜಾಗ ಡಿಸ್ಕಿನ ಲೆಕ್ಕದಲ್ಲಿ ಇನ್ನೂ ‘ಬಳಕೆಯಲ್ಲಿದೆ’ ಎಂದೇ ಇತ್ತು. ಸಾವಿರಾರು ಅನಾಮಧೇಯ ಕಡತಗಳು ಬಂದವು. ಈಗಾಗಲೇ ಹೆಸರಿನ ಸಮೇತ ಸಿಕ್ಕವನ್ನು ತೆಗೆದುಹಾಕಿ, ಉಳಿದವುಗಳ ಗಾತ್ರವನ್ನು ಸೂಚಿಯಲ್ಲಿದ್ದ ಗಾತ್ರದೊಂದಿಗೆ ಒಂದೊಂದಾಗಿ ಹೊಂದಿಸಿದೆ. ಮೂರು ಫೋಟೊಗಳಲ್ಲಿ ಎರಡು ಸಿಕ್ಕವು, ಒಂದು ಚೂರುಚೂರಾಗಿ ಹಂಚಿಹೋಗಿತ್ತು. ಐದು ಹಾಡುಗಳಲ್ಲಿ ಮೂರು ಬೈಟ್‌ಗೆ ಬೈಟ್ ಹೊಂದಿದವು.

ಕೊನೆಯ ಎರಡು ಹಾಡುಗಳು ಕಾಡಿದವು. ಎರಡರ ಗಾತ್ರವೂ 31,75,20,044 ಬೈಟ್. ಕ್ಯಾಸೆಟ್ಟಿನ ಒಂದೊಂದು ಬದಿಯನ್ನು ಸರಿಯಾಗಿ ಮೂವತ್ತು ನಿಮಿಷಕ್ಕೆ ಕತ್ತರಿಸಿ ಇಟ್ಟದ್ದರಿಂದ ಬಂದ ಸಮಸ್ಯೆ. ಹೆಸರು ಎರಡು, ಹಾಡು ಎರಡು, ಯಾವುದಕ್ಕೆ ಯಾವುದು ಎಂದು ಕಂಪ್ಯೂಟರು ಹೇಳಲಾರದು. ಮೇಷ್ಟ್ರನ್ನು ಅಂಗಡಿಗೆ ಬರಹೇಳಿದೆ.

ಹೊಸ ಡಿಸ್ಕುಗಳು ಎರಡು ಸಿದ್ಧವಾಗಿದ್ದವು. ಒಂದು ಮನೆಗೆ, ಇನ್ನೊಂದು ಮೈಸೂರಿನ ಕುವೆಂಪುನಗರದಲ್ಲಿರುವ ಮಗಳ ಮನೆಗೆ. ಮೂರನೆಯ ಪ್ರತಿಯನ್ನು ಮೊಮ್ಮಗ ಕ್ಲೌಡ್‌ಗೆ ಏರಿಸುವುದೆಂದು ಮಾತಾಯಿತು. ಮೇಷ್ಟ್ರು ಅವುಗಳ ಕಡೆ ನೋಡಲಿಲ್ಲ. ಹೆಡ್‌ಫೋನ್ ಬೇಡ, ಸ್ಪೀಕರಿನಲ್ಲೇ ಹಾಕಿ ಎಂದರು.

ಮೊದಲನೆಯದನ್ನು ಹಾಕಿದೆ. ಕ್ಯಾಸೆಟ್ಟಿನ ಹಿಸ್ ಎಂಬ ಸದ್ದು, ಆಮೇಲೆ ಒಂದು ಎಳೆಯ ಗಂಡು ಧ್ವನಿ, ದಿನಾಂಕ ಹೇಳಿ, ನಾಗಮಂಗಲ ತಾಲ್ಲೂಕಿನ ಒಂದು ಊರಿನ ಹೆಸರು ಹೇಳಿ, ಹಾಡುವವರ ಹೆಸರು ಹೇಳಿ, “ರಾಗಿ ಬೀಸುವ ಪದ” ಎಂದಿತು. ಇಪ್ಪತ್ತೈದು ವರ್ಷದ ಹಿಂದಿನ ಮೇಷ್ಟ್ರೇ. ಬೀಸುಕಲ್ಲಿನ ಗುರ್ ಎಂಬ ಸದ್ದಿನ ಮೇಲೆ ಹೆಂಗಸಿನ ದನಿ ಏರಿತು. ಹೆಸರು ತಿಳಿಯಿತು, ಉಳಿದದ್ದು ತಾನಾಗಿಯೇ ಎರಡನೆಯದು, ಕೆಲಸ ಮುಗಿಯಿತು ಎಂದು ನಾನು ಹೆಸರು ಟೈಪು ಮಾಡಲು ಹೊರಟೆ.

ಮೇಷ್ಟ್ರು ಕೈ ಎತ್ತಿ ತಡೆದರು. ಎರಡನೆಯದನ್ನೂ ಹಾಕಲು ಹೇಳಿದರು. ಅದು ಕ್ಯಾಸೆಟ್ಟಿನ ಹಿಂಬದಿ, ಪ್ರಕಟಣೆ ಇಲ್ಲದೆ ಪದದ ನಡುವಿನಿಂದಲೇ ಶುರುವಾಗುತ್ತದೆ. ಕಣ್ಣು ಮುಚ್ಚಿ ಕೇಳುತ್ತಾ ಕುಳಿತರು. ಹನ್ನೊಂದನೆಯ ನಿಮಿಷದಲ್ಲಿ ಹಾಡು ನಿಂತು, ಹಾಡುತ್ತಿದ್ದ ಅಜ್ಜಿ ಕೆಮ್ಮಿ, ಯಾರನ್ನೋ ನೀರು ತರಲು ಕರೆದು, ಬಿಟ್ಟ ಸಾಲಿನಿಂದಲೇ ಮತ್ತೆ ಎತ್ತಿಕೊಂಡಳು.

“ಇವರೇ” ಎಂದು ಕಣ್ಣು ತೆರೆದು, ಜೇಬಿನಿಂದ ಪೆನ್ನು ತೆಗೆದು, ನನ್ನ ರಸೀದಿ ಪುಸ್ತಕದ ಹಿಂಬದಿಯಲ್ಲಿ ಹೆಸರು ಬರೆದುಕೊಟ್ಟರು. ಅದನ್ನು ನೋಡಿಕೊಂಡು ನಾನು ಟೈಪು ಮಾಡಿದೆ.